ಕಟ್ಟಲು ಹಣವುಂಟು, ಕಾಪಾಡಲು ಇಲ್ಲ: ಸರ್ಕಾರಿ ಕಾಲೇಜು ಕಟ್ಟಡಗಳ ನವೀಕರಣ

ಮೈಸೂರು ಸಂಸ್ಥಾನದ ಇತಿಹಾಸದಲ್ಲಿ 1916ನೆಯ ಇಸವಿ ಎರಡು ಕಾರಣಗಳಿಂದ ಸ್ಮರಣೀಯವಾದುದು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಮೈಸೂರು ವಾಣಿಜ್ಯ ಮಂಡಳಿ ಸ್ಥಾಪನೆಯಾಯಿತು. ಜುಲೈ ತಿಂಗಳಲ್ಲಿ ಮೈಸೂರು ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂದಿತು. ನಾಲ್ವಡಿ ಕೃಷ್ಣರಾಜ ಒಡೆಯರ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಈ ಎರಡೂ ಕಾರ್ಯಗಳ ಹಿಂದಿನ ಪ್ರೇರಕಶಕ್ತಿಯಾಗಿದ್ದರು. ಮರುವರ್ಷ, ಅಂದರೆ 1917ರಲ್ಲಿ, ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಅದೇ ವರ್ಷ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯಿತು. ಕೈಗಾರಿಕೆ, ವಾಣಿಜ್ಯ ಮತ್ತು ಉನ್ನತ ಶಿಕ್ಷಣ ಇವು ಒಂದನ್ನೊಂದು ಅವಲಂಬಿಸಿ ಬೆಳೆಯತಕ್ಕವೆಂಬ ತಿಳಿವಳಿಕೆ ಆ ಕಾಲದ ಆಡಳಿತಕ್ಕೆ ಇತ್ತು. ವಿದ್ಯಾಲಯದ ಕಟ್ಟಡವನ್ನು ಅದು ರಸ್ತೆ, ಅಣೆಕಟ್ಟು, ವಿದ್ಯುದಾಗಾರಗಳ ಸಾಲಿನಲ್ಲಿಯೇ ಎಣಿಸಿತು.

ಈಗ ನೂರು ವರ್ಷಗಳು ಕಳೆದಿವೆ. ಆ ಪೀಳಿಗೆಯ ಕಟ್ಟಡಗಳು ಯಾವ ಸ್ಥಿತಿಯಲ್ಲಿವೆ ಎಂಬುದಕ್ಕೆ ಮೈಸೂರಿನ ಮಹಾರಾಣಿ ಮಹಿಳಾ ವಿಜ್ಞಾನ ಕಾಲೇಜಿನಲ್ಲಿ ನಡೆದುದು ಒಂದು ಎಚ್ಚರಿಕೆ. 2022ರ ಅಕ್ಟೋಬರ್ ತಿಂಗಳಲ್ಲಿ, ಭಾರೀ ಮಳೆಯ ನಂತರ, ಶತಮಾನ ಕಂಡ ಆ ಕಟ್ಟಡದ ರಸಾಯನಶಾಸ್ತ್ರ ವಿಭಾಗವಿದ್ದ ಭಾಗ ಕುಸಿದು ಬಿದ್ದಿತು. ಬಿರುಕುಗಳನ್ನು ಕಂಡು ವಿದ್ಯಾರ್ಥಿನಿಯರನ್ನು ಮುಂಚಿತವಾಗಿ ಬೇರೆಡೆಗೆ ಕಳುಹಿಸಿದ್ದರಿಂದ ಜೀವಹಾನಿ ತಪ್ಪಿತು. ಆದರೆ 2025ರ ಜನವರಿಯಲ್ಲಿ ಹಳೆಯ ಕಟ್ಟಡವನ್ನು ತೆರವುಗೊಳಿಸುತ್ತಿದ್ದಾಗ ಮತ್ತೊಂದು ಕುಸಿತ ಸಂಭವಿಸಿ ಒಬ್ಬ ಕಾರ್ಮಿಕ ಮೃತಪಟ್ಟನು. ಸಕಾಲದಲ್ಲಿ ಲಕ್ಷಗಳಲ್ಲಿ ಮುಗಿಯಬಹುದಾಗಿದ್ದ ದುರಸ್ತಿಯ ಸ್ಥಾನದಲ್ಲಿ ಕೋಟಿಗಟ್ಟಲೆ ವೆಚ್ಚದ ಹೊಸ ಕಟ್ಟಡ ಬಂದಿತು; ಒಂದು ಜೀವವೂ ಹೋಯಿತು. ಸಾರ್ವಜನಿಕ ಆಸ್ತಿಯ ನಿರ್ವಹಣೆಯಲ್ಲಿನ ಉದಾಸೀನ ಎಷ್ಟು ದುಬಾರಿಯೆಂಬುದನ್ನು ವ್ಯಾಪಾರಸ್ಥರಿಗೆ ಬೇರೆ ವಿವರಿಸಬೇಕಾಗಿಲ್ಲ.

ಯಾರು ಓದುತ್ತಾರೆ?

ಸಮಸ್ಯೆ ಪಾರಂಪರಿಕ ಕಟ್ಟಡಗಳಿಗೆ ಸೀಮಿತವಾದುದಲ್ಲ. ಕರ್ನಾಟಕದಲ್ಲಿ ನಾಲ್ಕುನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅವುಗಳಲ್ಲಿ ಹೆಚ್ಚಿನವು ತಾಲ್ಲೂಕು ಕೇಂದ್ರಗಳಲ್ಲಿಯೂ ಹೋಬಳಿ ಮಟ್ಟದ ಪಟ್ಟಣಗಳಲ್ಲಿಯೂ ಇವೆ. ಸಣ್ಣ ಹಿಡುವಳಿಯ ರೈತರ, ಕೂಲಿ ಕಾರ್ಮಿಕರ, ಕಿರುಕುಳ ವ್ಯಾಪಾರಿಗಳ ಮಕ್ಕಳು ಪದವಿ ಪಡೆಯುವುದು ಇಲ್ಲಿಯೇ. ನೀತಿ ಆಯೋಗವು 2025ರ ಫೆಬ್ರವರಿಯಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ದೇಶದ ಉನ್ನತ ಶಿಕ್ಷಣದ ವಿದ್ಯಾರ್ಥಿಗಳಲ್ಲಿ ಶೇ. 81ರಷ್ಟು ಮಂದಿ ರಾಜ್ಯಗಳ ಸಾರ್ವಜನಿಕ ವಿಶ್ವವಿದ್ಯಾಲಯಗಳ ಹಾಗೂ ಅವುಗಳಿಗೆ ಸೇರಿದ ಕಾಲೇಜುಗಳ ವ್ಯಾಪ್ತಿಯಲ್ಲಿದ್ದಾರೆ. ಐಐಟಿ, ಐಐಎಂಗಳ ಕುರಿತು ಎಷ್ಟೇ ಚರ್ಚೆ ನಡೆದರೂ ದೇಶದ ಪದವೀಧರರನ್ನು ರೂಪಿಸುತ್ತಿರುವುದು ರಾಜ್ಯ ಮಟ್ಟದ ಸಂಸ್ಥೆಗಳೇ ಆಗಿವೆ.

ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯಂತೆ 2021-22ರಲ್ಲಿ ಕರ್ನಾಟಕದ ಒಟ್ಟು ದಾಖಲಾತಿ ಪ್ರಮಾಣ ಶೇ. 36.2 ಆಗಿತ್ತು, ರಾಷ್ಟ್ರದ ಸರಾಸರಿ ಶೇ. 28.4. ಈ ಪ್ರಮಾಣವನ್ನು 2035ರ ವೇಳೆಗೆ ಶೇ. 50ಕ್ಕೆ ಏರಿಸಬೇಕೆಂಬುದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಗುರಿ. ಆ ನೀತಿಯ ಇತರ ಅಂಶಗಳ ಬಗ್ಗೆ ರಾಜ್ಯಕ್ಕೆ ಭಿನ್ನಾಭಿಪ್ರಾಯಗಳಿರಬಹುದು. ಆದರೆ ಈ ಗುರಿಯನ್ನು ಮುಟ್ಟಬೇಕಾದರೆ ಈಗಿರುವುದಕ್ಕಿಂತ ಮೂರನೆಯ ಒಂದು ಭಾಗಕ್ಕೂ ಮಿಗಿಲಾದ ವಿದ್ಯಾರ್ಥಿಗಳಿಗೆ ಸ್ಥಳಾವಕಾಶ ಬೇಕಾಗುತ್ತದೆ. ಇರುವ ಕೊಠಡಿಗಳೇ ಸೋರುತ್ತಿರುವಾಗ ಹೆಚ್ಚುವರಿ ವಿದ್ಯಾರ್ಥಿಗಳು ಎಲ್ಲಿ ಕುಳಿತುಕೊಳ್ಳಬೇಕೆಂಬ ಪ್ರಶ್ನೆ ಸಹಜ.

ಕಟ್ಟಡಗಳು ಏಕೆ ಹಾಳಾಗುತ್ತವೆ?

ಕೇಂದ್ರ ಲೋಕೋಪಯೋಗಿ ಇಲಾಖೆಯ ಕೈಪಿಡಿಯು ಕಾಂಕ್ರೀಟ್ ಚೌಕಟ್ಟಿನ ಕಟ್ಟಡಕ್ಕೆ 75 ವರ್ಷ, ಗೋಡೆಗಳೇ ಭಾರ ಹೊರುವ ಕಟ್ಟಡಕ್ಕೆ 55 ವರ್ಷ ಆಯುಸ್ಸನ್ನು ಗೊತ್ತುಪಡಿಸಿದೆ. ಕಾಲಕಾಲಕ್ಕೆ ದುರಸ್ತಿ ನಡೆದರೆ ಮಾತ್ರ ಈ ಲೆಕ್ಕ ಸರಿ. ನೀರಿನ ಕೊಳವೆ ಕಟ್ಟಿಕೊಂಡರೆ ತಾರಸಿಯ ಮೇಲೆ ನೀರು ನಿಲ್ಲುತ್ತದೆ. ನಿಂತ ನೀರು ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಚಾವಣಿಯ ಗಾರೆಯನ್ನು ಕಳಚಿ ಬೀಳಿಸುತ್ತದೆ. 1980 ಮತ್ತು 1990ರ ದಶಕಗಳಲ್ಲಿ ಕಟ್ಟಿದ ಕಾಲೇಜುಗಳಲ್ಲಿಯೂ ಈ ದೃಶ್ಯ ಅಪರೂಪವಲ್ಲ. ಹಳೆಯ ಕಟ್ಟಡಗಳ ಕಥೆ ತುಸು ಭಿನ್ನ. ಸುಣ್ಣದ ಗಾರೆಯ ಗೋಡೆ ತನ್ನೊಳಗಿನ ತೇವವನ್ನು ಹೊರಹಾಕುತ್ತಿರುತ್ತದೆ. ಅಂತಹ ಗೋಡೆಗೆ ಅಗ್ಗವೆಂದು ಸಿಮೆಂಟು ಬಳಿದಾಗ ತೇವ ಒಳಗೇ ಉಳಿದು ಇಟ್ಟಿಗೆಯನ್ನು ಕೊರೆಯುತ್ತದೆ. ದುರಸ್ತಿಯೆಂಬ ಹೆಸರಿನಲ್ಲಿ ನಡೆದ ಕೆಲಸವೇ ಎಷ್ಟೋ ಕಡೆ ಕಟ್ಟಡದ ಆಯುಸ್ಸನ್ನು ಕಡಿಮೆ ಮಾಡಿದೆ.

ಇವೆಲ್ಲ ಇಂಜಿನಿಯರುಗಳಿಗೆ ಗೊತ್ತಿರುವ ಸಂಗತಿಗಳೇ. ಗೊತ್ತಿದ್ದೂ ಕೆಲಸ ನಡೆಯದಿರಲು ಕಾರಣ ಲೆಕ್ಕಪತ್ರದಲ್ಲಿದೆ. ಹೊಸ ಕಟ್ಟಡದ ವೆಚ್ಚವು ಬಂಡವಾಳ ಲೆಕ್ಕಕ್ಕೆ ಸೇರುತ್ತದೆ. ಅದಕ್ಕೆ ಸಾಲ ದೊರೆಯುತ್ತದೆ, ಶಂಕುಸ್ಥಾಪನೆ ಇರುತ್ತದೆ, ಉದ್ಘಾಟನೆ ಇರುತ್ತದೆ. ನಿರ್ವಹಣೆಯ ವೆಚ್ಚವು ರಾಜಸ್ವ ಲೆಕ್ಕಕ್ಕೆ ಸೇರುತ್ತದೆ. ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು 2002ರಲ್ಲಿ ದೇಶದಲ್ಲಿಯೇ ಮೊದಲಿಗೆ ಅಂಗೀಕರಿಸಿದ ರಾಜ್ಯ ಕರ್ನಾಟಕ. ರಾಜಸ್ವ ಕೊರತೆಗೆ ಕಡಿವಾಣ ಹಾಕುವ ಆ ಶಿಸ್ತು ಅಗತ್ಯವಾದುದೇ. ಆದರೆ ವೇತನ, ನಿವೃತ್ತಿವೇತನ, ಬಡ್ಡಿ ಇವುಗಳನ್ನು ಮುಟ್ಟುವಂತಿಲ್ಲವಾದ್ದರಿಂದ ಹಣಕಾಸಿನ ಬಿಗಿ ಉಂಟಾದಾಗಲೆಲ್ಲ ಕತ್ತರಿ ಬೀಳುವುದು ನಿರ್ವಹಣೆಯ ಮೇಲೆ. ಹಳೆಯ ವಿಶ್ವವಿದ್ಯಾಲಯಗಳಲ್ಲಿ ನಿವೃತ್ತಿವೇತನದ ಹೊರೆಯೇ ಆಂತರಿಕ ಸಂಪನ್ಮೂಲಗಳನ್ನು ಹೀರುತ್ತಿರುವುದರಿಂದ ಚಾವಣಿಯ ಸೋರಿಕೆ ಮುಂದಿನ ವರ್ಷಕ್ಕೆ, ಆಮೇಲೆ ಅದರ ಮುಂದಿನ ವರ್ಷಕ್ಕೆ ಹೋಗುತ್ತದೆ.

ಹೊಸತರ ಮೇಲಿನ ಈ ಒಲವಿಗೆ ಇತ್ತೀಚಿನ ನಿದರ್ಶನವೂ ಇದೆ. 2022ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಬೀದರ್, ಹಾವೇರಿ, ಹಾಸನ, ಚಾಮರಾಜನಗರ, ಕೊಡಗು, ಕೊಪ್ಪಳ ಮತ್ತು ಬಾಗಲಕೋಟೆಗಳಲ್ಲಿ ಏಳು ಹೊಸ ವಿಶ್ವವಿದ್ಯಾಲಯಗಳನ್ನು ಸ್ಥಾಪಿಸಲಾಯಿತು. ಹಲವು ಹಿಂದಿನ ಸ್ನಾತಕೋತ್ತರ ಕೇಂದ್ರಗಳ ಕಟ್ಟಡಗಳಲ್ಲಿಯೇ ಆರಂಭವಾದವು. ಮೂರು ವರ್ಷ ತುಂಬುವ ಮೊದಲೇ, 2025ರ ಫೆಬ್ರವರಿಯಲ್ಲಿ, ಸಂಪನ್ಮೂಲದ ಕೊರತೆಯ ಕಾರಣ ನೀಡಿ ಸಚಿವ ಸಂಪುಟದ ಉಪಸಮಿತಿಯು ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಸಲಹೆ ನೀಡಿತು. ಹಿಂದುಳಿದ ಜಿಲ್ಲೆಗಳ ಆಕಾಂಕ್ಷೆ ನ್ಯಾಯವಾದುದು. ಅದಕ್ಕೆ ನಾಮಫಲಕದ ಮೂಲಕ ಉತ್ತರ ನೀಡಿ, ಹಣದ ಪ್ರಶ್ನೆ ಬಂದಾಗ ಹಿಂದೆ ಸರಿಯುವುದು ಸರಿಯಾದ ಯೋಜನೆಯಲ್ಲ.

ಉದ್ಯಮಕ್ಕೇನು ಸಂಬಂಧ?

ಪದವೀಧರರಲ್ಲಿ ಕೌಶಲವಿಲ್ಲವೆಂಬ ದೂರು ಉದ್ಯಮಿಗಳ ಸಭೆಗಳಲ್ಲಿ ಪದೇಪದೇ ಕೇಳಿಬರುತ್ತದೆ. ಕೌಶಲ ಕಲಿಯುವ ಸ್ಥಳದ ಬಗ್ಗೆ ಮಾತ್ರ ಚರ್ಚೆ ಕಡಿಮೆ. ಅನಿಲ ಸಂಪರ್ಕವಿಲ್ಲದ, ಹೊಗೆ ಹೊರಹೋಗುವ ವ್ಯವಸ್ಥೆಯಿಲ್ಲದ ಪ್ರಯೋಗಾಲಯದಲ್ಲಿ ರಸಾಯನಶಾಸ್ತ್ರದ ಪ್ರಯೋಗಗಳು ಕಪ್ಪುಹಲಗೆಯ ಮೇಲೆಯೇ ಮುಗಿಯುತ್ತವೆ. ಹಳೆಯ ವಿದ್ಯುತ್ ತಂತಿಗಳ ಮೇಲೆ 40 ಗಣಕಯಂತ್ರಗಳನ್ನು ಒಮ್ಮೆಗೇ ಚಾಲನೆ ಮಾಡುವುದು ಅಪಾಯಕರ. ಆದ್ದರಿಂದ ಯಂತ್ರಗಳು ಬಂದರೂ ಪೆಟ್ಟಿಗೆಯಲ್ಲಿಯೇ ಉಳಿಯುತ್ತವೆ. ಔಷಧ, ಆಹಾರ ಸಂಸ್ಕರಣೆ, ಜವಳಿ, ವಿದ್ಯುನ್ಮಾನ ಕ್ಷೇತ್ರಗಳ ಘಟಕಗಳು ಹೊಸದಾಗಿ ಸೇರಿದ ಪದವೀಧರರಿಗೆ ತಿಂಗಳುಗಟ್ಟಲೆ ಮೂಲಪಾಠ ಹೇಳಿಕೊಡಬೇಕಾಗುವುದಕ್ಕೆ ಇದೂ ಒಂದು ಕಾರಣ. ಈ ವೆಚ್ಚ ಉದ್ಯಮದ ಜೇಬಿನಿಂದಲೇ ಹೋಗುತ್ತಿದೆ.

ಮಹಿಳೆಯರ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. 2023ರ ಜೂನ್ ತಿಂಗಳಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಹಳ್ಳಿಯ ಹೆಣ್ಣುಮಕ್ಕಳಿಗೆ ಪಟ್ಟಣದ ಕಾಲೇಜಿಗೆ ಹೋಗಿಬರುವ ಬಸ್ಸಿನ ವೆಚ್ಚ ಇಲ್ಲವಾಯಿತು. ಆದರೆ ಕಾಲೇಜಿನಲ್ಲಿ ನೀರಿರುವ ಶೌಚಾಲಯವಿಲ್ಲದಿದ್ದರೆ ಮಧ್ಯಾಹ್ನದ ನಂತರದ ಪ್ರಯೋಗ ತರಗತಿಗಳಿಗೆ ಹಾಜರಿ ಕುಸಿಯುತ್ತದೆ. ಉದ್ಯೋಗದಲ್ಲಿ ಮಹಿಳೆಯರ ಪಾಲು ಹೆಚ್ಚಬೇಕೆಂದು ಬಯಸುವ ಉದ್ಯಮಕ್ಕೆ ತಾಲ್ಲೂಕು ಕಾಲೇಜಿನ ಶೌಚಾಲಯವೂ ಆರ್ಥಿಕ ವಿಷಯವೇ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯು ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಎಲ್ಲ ಸಾರ್ವಜನಿಕ ಕಟ್ಟಡಗಳನ್ನೂ ಅವರ ಬಳಕೆಗೆ ಒಗ್ಗಿಸಬೇಕೆಂದು ವಿಧಿಸಿತ್ತು. ಆ ಗಡುವು 2022ರಲ್ಲಿಯೇ ಮುಗಿದಿದೆ.

ಎರಡು ಆಕ್ಷೇಪಗಳು

ಶಿಕ್ಷಕರೇ ಇಲ್ಲದಿರುವಾಗ ಕಟ್ಟಡಕ್ಕೆ ಹಣ ಹಾಕುವುದೇಕೆ ಎಂಬುದು ಮೊದಲ ಆಕ್ಷೇಪ. ಸರ್ಕಾರಿ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರ ಮೇಲೆ ನಿಂತಿವೆ ಎಂಬುದು ನಿಜ. ಖಾಯಂ ನೇಮಕಾತಿಗೆ ಮೊದಲ ಮಣೆ ಸಲ್ಲಬೇಕೆಂಬ ವಾದದಲ್ಲಿ ಹುರುಳಿದೆ. ಆದರೆ ವೇತನವು ವರ್ಷವರ್ಷವೂ ಬೆಳೆಯುವ ರಾಜಸ್ವ ಹೊಣೆ. ಕಟ್ಟಡದ ನವೀಕರಣಕ್ಕೆ ದೀರ್ಘಾವಧಿಯ ಸಾಲ ಹಾಗೂ ಕೇಂದ್ರದ ಅನುದಾನಗಳು ಲಭ್ಯವಿವೆ. ಒಂದರ ಹಣವನ್ನು ಇನ್ನೊಂದಕ್ಕೆ ತಿರುಗಿಸುವ ಅವಕಾಶ ಬಹುಮಟ್ಟಿಗೆ ಇಲ್ಲ. ಆದ್ದರಿಂದ ಇವೆರಡೂ ಪರಸ್ಪರ ಪೈಪೋಟಿಯ ಬೇಡಿಕೆಗಳಲ್ಲ.

ಅಂತರ್ಜಾಲದ ಮೂಲಕ ಪಾಠ ನಡೆಯುವ ಕಾಲದಲ್ಲಿ ಕಟ್ಟಡಗಳ ಅಗತ್ಯವೇ ಕಡಿಮೆಯಾಗಿದೆ ಎಂಬುದು ಎರಡನೆಯ ಆಕ್ಷೇಪ. 2020 ಮತ್ತು 2021ರ ಕೋವಿಡ್ ಅವಧಿಯು ಈ ವಾದವನ್ನು ಪರೀಕ್ಷೆಗೊಡ್ಡಿತು. ಮನೆಯಲ್ಲಿ ಒಂದೇ ಮೊಬೈಲ್ ಇದ್ದ ಕುಟುಂಬಗಳ ಮಕ್ಕಳು ಪಾಠದಿಂದ ದೂರ ಉಳಿದರು. ಪ್ರಯೋಗಗಳಂತೂ ನಡೆಯಲೇ ಇಲ್ಲ. ಓದಲು ಮನೆಯಲ್ಲಿ ಸ್ಥಳವಿಲ್ಲದ ವಿದ್ಯಾರ್ಥಿಗೆ ಕಾಲೇಜಿನ ಗ್ರಂಥಾಲಯವೇ ಆಸರೆ.

ಹಣದ ಲೆಕ್ಕ

2013ರಲ್ಲಿ ಆರಂಭವಾದ ರಾಷ್ಟ್ರೀಯ ಉಚ್ಚತರ ಶಿಕ್ಷಾ ಅಭಿಯಾನದಲ್ಲಿ ಒಂದು ಕಾಲೇಜಿನ ಮೂಲಸೌಕರ್ಯಕ್ಕೆ 2 ಕೋಟಿ ರೂ. ನಿಗದಿಯಾಗಿತ್ತು. ಅದರಲ್ಲಿ ಶೇ. 35 ಹೊಸ ನಿರ್ಮಾಣಕ್ಕೆ, ಶೇ. 35 ಹಳೆಯದರ ನವೀಕರಣಕ್ಕೆ, ಶೇ. 30 ಉಪಕರಣಗಳಿಗೆ ಎಂಬ ಹಂಚಿಕೆ ಇತ್ತು. ನವೀಕರಣಕ್ಕೆಂದೇ ಪಾಲನ್ನು ಮೀಸಲಿಟ್ಟ ಈ ಸೂತ್ರ ಅನುಕರಣೀಯ. 2023ರ ಜೂನ್‌ನಲ್ಲಿ ಅದರ ಸ್ಥಾನದಲ್ಲಿ ಬಂದ ಪ್ರಧಾನಮಂತ್ರಿ ಉಚ್ಚತರ ಶಿಕ್ಷಾ ಅಭಿಯಾನಕ್ಕೆ 2023-24ರಿಂದ 2025-26ರವರೆಗಿನ ಅವಧಿಗೆ 12,926.10 ಕೋಟಿ ರೂ. ಗೊತ್ತುಪಡಿಸಲಾಯಿತು. ಕಾಲೇಜಿಗೆ 5 ಕೋಟಿ, ವಿಶ್ವವಿದ್ಯಾಲಯಕ್ಕೆ 20 ಕೋಟಿ, ಬಹುಶಿಸ್ತೀಯ ವಿಶ್ವವಿದ್ಯಾಲಯಕ್ಕೆ 100 ಕೋಟಿ ರೂ.ವರೆಗೆ ನೆರವು, ಕೇಂದ್ರ ಮತ್ತು ರಾಜ್ಯದ ಪಾಲು 60:40. ಆದರೆ ದೇಶದ ಎಲ್ಲ ರಾಜ್ಯಗಳಿಗೂ ಹಂಚಿಹೋಗುವ ಈ ಮೊತ್ತವು ಆಯ್ದ ಸಂಸ್ಥೆಗಳನ್ನು ಮಾತ್ರ ತಲಪಬಲ್ಲುದು.

ಉಳಿದವುಗಳಿಗೆ ರಾಜ್ಯವೇ ದಾರಿ ಹುಡುಕಬೇಕು. 400 ಕಾಲೇಜುಗಳಿಗೆ ತಲಾ 2 ಕೋಟಿ ರೂ.ನಂತೆ ನವೀಕರಣ ಕೈಗೊಂಡರೆ ಒಟ್ಟು 800 ಕೋಟಿ ರೂ. ಆಗುತ್ತದೆ. ಐದು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ 160 ಕೋಟಿ ರೂ. ರಾಜ್ಯದ 2025-26ರ ಆಯವ್ಯಯದ ಗಾತ್ರ ಸುಮಾರು 4.09 ಲಕ್ಷ ಕೋಟಿ ರೂ. ಅಂದರೆ ಪ್ರತಿ ನೂರು ರೂಪಾಯಿಯಲ್ಲಿ ನಾಲ್ಕು ಪೈಸೆ. ಐದು ಗ್ಯಾರಂಟಿ ಯೋಜನೆಗಳಿಗೆ ವರ್ಷಕ್ಕೆ 50,000 ಕೋಟಿ ರೂ.ಗೂ ಮಿಗಿಲಾದ ಮೊತ್ತವನ್ನು ಹೊಂದಿಸಿದ ರಾಜ್ಯಕ್ಕೆ ಇದು ಅಸಾಧ್ಯವಾದ ಭಾರವೇನಲ್ಲ. ರಾಜ್ಯಗಳ ಬಂಡವಾಳ ವೆಚ್ಚಕ್ಕಾಗಿ ಕೇಂದ್ರವು 2020-21ರಲ್ಲಿ ಆರಂಭಿಸಿದ 50 ವರ್ಷ ಅವಧಿಯ ಬಡ್ಡಿರಹಿತ ಸಾಲಕ್ಕೆ 2025-26ರಲ್ಲಿ 1.5 ಲಕ್ಷ ಕೋಟಿ ರೂ. ಇರಿಸಲಾಗಿತ್ತು. ಐವತ್ತು ವರ್ಷ ಬಾಳಬೇಕಾದ ಕಟ್ಟಡಕ್ಕೆ ಐವತ್ತು ವರ್ಷದ ಬಡ್ಡಿಯಿಲ್ಲದ ಸಾಲಕ್ಕಿಂತ ಹೊಂದಿಕೆಯಾಗುವ ಹಣ ಬೇರೆ ಯಾವುದಿದೆ? ಕೇಂದ್ರ ಸಂಸ್ಥೆಗಳ ಕಟ್ಟಡಗಳಿಗಾಗಿ 2017ರಲ್ಲಿ ಕೆನರಾ ಬ್ಯಾಂಕಿನ ಸಹಭಾಗಿತ್ವದಲ್ಲಿ ಉನ್ನತ ಶಿಕ್ಷಣ ಹಣಕಾಸು ಸಂಸ್ಥೆಯೊಂದು ಬೆಂಗಳೂರಿನಲ್ಲಿಯೇ ಸ್ಥಾಪನೆಯಾಯಿತು. ರಾಜ್ಯದ ವಿಶ್ವವಿದ್ಯಾಲಯಗಳಿಗೂ ಅಂತಹ ವ್ಯವಸ್ಥೆ ದೊರೆಯಬೇಕೆಂದು ಒತ್ತಾಯಿಸಲು ಕರ್ನಾಟಕಕ್ಕೆ ಕಾರಣವಿದೆ.

ತೆರಿಗೆಯ ಅಂಶವನ್ನೂ ಮರೆಯುವಂತಿಲ್ಲ. ಸರ್ಕಾರಿ ಕಾಮಗಾರಿ ಗುತ್ತಿಗೆಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ 2022ರ ಜುಲೈ 18ರಿಂದ ಶೇ. 12ರಿಂದ ಶೇ. 18ಕ್ಕೆ ಏರಿತು. ಹಳೆಯ ದರದಲ್ಲಿ ಅಂದಾಜು ಮಾಡಿದ್ದ ಕಾಮಗಾರಿಗಳು ಅಷ್ಟರಮಟ್ಟಿಗೆ ಕುಗ್ಗಿದವು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ತೆರಿಗೆ ಶೇ. 28ರಿಂದ ಶೇ. 18ಕ್ಕೆ ಇಳಿದುದರಿಂದ ಗುತ್ತಿಗೆದಾರರ ದುಡಿಯುವ ಬಂಡವಾಳದ ಒತ್ತಡ ತುಸು ಕಡಿಮೆಯಾಯಿತಾದರೂ ಸರ್ಕಾರಿ ಕಾಲೇಜಿನ ಕಾಮಗಾರಿ ಶೇ. 18ರ ಹೊರೆಯನ್ನು ಹೊತ್ತುಕೊಂಡೇ ಇದೆ.

ಶೇಕಡಾ ಎರಡರ ನಿಯಮ

ನವೀಕರಣಕ್ಕೆ ಹಣ ದೊರೆತ ಮಾತ್ರಕ್ಕೆ ಸಮಸ್ಯೆ ಪರಿಹಾರವಾಗುವುದಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಜಯಲಕ್ಷ್ಮೀವಿಲಾಸ ಭವನವೇ ಇದಕ್ಕೆ ಸಾಕ್ಷಿ. 2000ರ ದಶಕದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಅದರ ಜೀರ್ಣೋದ್ಧಾರವಾಯಿತು. ಎರಡು ದಶಕಗಳೊಳಗೆ ಕಟ್ಟಡ ಮತ್ತೆ ಶಿಥಿಲವಾಗಿ, 2024ರ ಕೊನೆಯಲ್ಲಿ ಅಮೆರಿಕದ ರಾಯಭಾರಿಗಳ ನಿಧಿಯಿಂದ ಅದರ ಒಂದು ಭಾಗದ ಸಂರಕ್ಷಣೆಗೆ ನೆರವು ಪ್ರಕಟವಾಯಿತು. ದಾನಿಯ ಹಣದಿಂದ ಒಮ್ಮೆ ಸರಿಪಡಿಸಿದುದನ್ನು ವರ್ಷವರ್ಷವೂ ನೋಡಿಕೊಳ್ಳುವ ಏರ್ಪಾಡಿಲ್ಲದಿದ್ದರೆ ಇನ್ನೊಬ್ಬ ದಾನಿಗಾಗಿ ಕಾಯುತ್ತಿರಬೇಕಾಗುತ್ತದೆ.

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯು 1990ರಲ್ಲಿ ಸಾರ್ವಜನಿಕ ಕಟ್ಟಡಗಳ ಕುರಿತು ನೀಡಿದ ವರದಿಯಲ್ಲಿ, ಕಟ್ಟಡವನ್ನು ಈಗ ಹೊಸದಾಗಿ ಕಟ್ಟಲು ತಗಲುವ ವೆಚ್ಚದ ಶೇ. 2ರಿಂದ 4ರಷ್ಟನ್ನು ಪ್ರತಿವರ್ಷ ನಿರ್ವಹಣೆಗೆ ತೆಗೆದಿಡಬೇಕೆಂದು ಸೂಚಿಸಿತು. ಇದರ ಕನಿಷ್ಠ ಮಟ್ಟವನ್ನೇ ಹಿಡಿದರೂ 10 ಕೋಟಿ ರೂ. ಬೆಲೆಯ ಕಾಲೇಜು ಕಟ್ಟಡಕ್ಕೆ ವರ್ಷಕ್ಕೆ 20 ಲಕ್ಷ ರೂ. ಬೇಕು. ಕಾರ್ಖಾನೆಯ ಯಂತ್ರಕ್ಕೆ ಸವಕಳಿ ತೆಗೆದಿಡದ ಉದ್ಯಮಿ ಲಾಭವನ್ನು ತೋರಿಸುತ್ತಿದ್ದಾನೆಂದರೆ ಅವನು ಬಂಡವಾಳವನ್ನೇ ಕರಗಿಸುತ್ತಿದ್ದಾನೆಂದು ಲೆಕ್ಕ. ಸರ್ಕಾರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮುಂದೆ ಮಂಜೂರಾಗುವ ಪ್ರತಿಯೊಂದು ಕಟ್ಟಡದ ಆದೇಶದಲ್ಲಿಯೂ ಶೇ. 2ರ ನಿರ್ವಹಣಾ ನಿಧಿಯನ್ನು ಕಡ್ಡಾಯಗೊಳಿಸಬೇಕು. ಅದನ್ನು ಪ್ರಾಚಾರ್ಯರು ಮತ್ತು ಕಾಲೇಜು ಅಭಿವೃದ್ಧಿ ಸಮಿತಿ ಸಣ್ಣ ದುರಸ್ತಿಗಳಿಗೆ ಸ್ಥಳದಲ್ಲಿಯೇ ಬಳಸುವಂತಿರಬೇಕು. ಒಂದು ನಲ್ಲಿ ಬದಲಿಸಲು ಕಡತ ಬೆಂಗಳೂರಿಗೆ ಹೋಗಿಬರಬಾರದು.

ಇದರ ಜೊತೆಗೆ ಇನ್ನೂ ಮೂರು ಕ್ರಮಗಳು ಅವಶ್ಯ. ಮೊದಲನೆಯದಾಗಿ, ಪ್ರತಿಯೊಂದು ಸರ್ಕಾರಿ ಕಾಲೇಜು ಹಾಗೂ ವಿಶ್ವವಿದ್ಯಾಲಯದ ಕಟ್ಟಡಗಳ ಸುಸ್ಥಿತಿಯನ್ನು ಸ್ವತಂತ್ರ ಇಂಜಿನಿಯರುಗಳಿಂದ ಪರಿಶೀಲಿಸಿ, ಫಲಿತಾಂಶವನ್ನು ಸಾರ್ವಜನಿಕರ ಮುಂದಿಡಬೇಕು. ಎರಡನೆಯದಾಗಿ, ಕೆಲಸದ ಕ್ರಮ ಹೀಗಿರಬೇಕು: ಮೊದಲು ಜೀವಕ್ಕೆ ಅಪಾಯವಿರುವ ಭಾಗಗಳು, ನಂತರ ಚಾವಣಿ ಮತ್ತು ವಿದ್ಯುತ್ ವ್ಯವಸ್ಥೆ, ಆಮೇಲೆ ಶೌಚಾಲಯ, ಪ್ರಯೋಗಾಲಯ ಹಾಗೂ ಗ್ರಂಥಾಲಯ, ಮುಖಮಂಟಪ, ಕಮಾನು, ಬಣ್ಣ ಇವು ಕೊನೆಗೆ. ಮೂರನೆಯದಾಗಿ, ಗುತ್ತಿಗೆಯ ಕರಾರಿನಲ್ಲಿಯೇ ಐದು ವರ್ಷಗಳ ನಿರ್ವಹಣೆಯನ್ನು ಸೇರಿಸಿ, ಅದಕ್ಕೆ ತಕ್ಕ ಹಣವನ್ನು ಸಕಾಲದಲ್ಲಿ ಪಾವತಿಸಬೇಕು. ಬಿಲ್ಲಿಗಾಗಿ ವರ್ಷಗಟ್ಟಲೆ ಅಲೆಯುವ ಗುತ್ತಿಗೆದಾರ ಮುಂದಿನ ಟೆಂಡರಿನಲ್ಲಿ ಆ ಬಡ್ಡಿಯನ್ನೂ ಸೇರಿಸಿಯೇ ದರ ನಮೂದಿಸುತ್ತಾನೆ. ಪಾರಂಪರಿಕ ಕಟ್ಟಡಗಳಿಗೆ ಮಾತ್ರ ಕನಿಷ್ಠ ದರವೊಂದೇ ಅಳತೆಗೋಲಾಗದೆ ಸುಣ್ಣದ ಗಾರೆಯ ಕೆಲಸದಲ್ಲಿನ ಅನುಭವಕ್ಕೂ ಅಂಕ ದೊರೆಯಬೇಕು.

ವಾಣಿಜ್ಯ ಸಂಸ್ಥೆಗಳ ಪಾಲು

ಕಂಪನಿಗಳ 2013ರ ಕಾಯ್ದೆಯ 135ನೆಯ ಕಲಮಿನಂತೆ ನಿರ್ದಿಷ್ಟ ಗಾತ್ರದ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ. 2ನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕು. ಶಿಕ್ಷಣವೂ ಪಾರಂಪರಿಕ ಕಟ್ಟಡಗಳ ಸಂರಕ್ಷಣೆಯೂ ಅದರ ವ್ಯಾಪ್ತಿಗೆ ಬರುತ್ತವೆ. ಮುಂಬಯಿ ವಿಶ್ವವಿದ್ಯಾಲಯದ ಗ್ರಂಥಾಲಯ ಮತ್ತು ರಾಜಾಬಾಯಿ ಗೋಪುರದ ಜೀರ್ಣೋದ್ಧಾರ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಸಂಸ್ಥೆಯ ನೆರವಿನಿಂದ 2015ರಲ್ಲಿ ಪೂರ್ಣಗೊಂಡಿತು. ಕರ್ನಾಟಕದಲ್ಲಿಯೇ 150 ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆಗಳು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿವೆ. ಅದೇ ಮಾದರಿಯಲ್ಲಿ ಕಟ್ಟಡ ಸರ್ಕಾರದ್ದು, ಪ್ರಯೋಗಾಲಯದ ಉಪಕರಣ ಉದ್ಯಮದ್ದು ಎಂಬ ಒಪ್ಪಂದಗಳು ಪದವಿ ಕಾಲೇಜುಗಳಿಗೂ ಬರಬಹುದು.

ಆದರೆ ದಾನವು ಸರ್ಕಾರದ ಹೊಣೆಗೆ ಬದಲಿಯಾಗಲಾರದು. ಉದ್ಯಮದ ನೆರವು ಸಹಜವಾಗಿ ದೊಡ್ಡ ನಗರಗಳ ಹೆಸರಾಂತ ಕಟ್ಟಡಗಳತ್ತ ಹರಿಯುತ್ತದೆ. ಸಣ್ಣ ಪಟ್ಟಣದ ಕಾಲೇಜಿನ ಚಾವಣಿಗೆ ದಾನಿಗಳು ಸಿಗುವುದು ಕಷ್ಟ. ಜಿಲ್ಲಾ ವಾಣಿಜ್ಯ ಸಂಸ್ಥೆಗಳು ಮಾಡಬಹುದಾದ ಬೇರೊಂದು ಕೆಲಸವಿದೆ. ಪ್ರತಿವರ್ಷ ಆಯವ್ಯಯಕ್ಕೆ ಮೊದಲು ಅವು ಸರ್ಕಾರಕ್ಕೆ ಮನವಿ ಸಲ್ಲಿಸುತ್ತವೆ. ತೆರಿಗೆ ದರ, ವಿದ್ಯುತ್ ಶುಲ್ಕ, ಕೈಗಾರಿಕಾ ನಿವೇಶನಗಳ ಬೇಡಿಕೆಗಳೊಡನೆ ತಮ್ಮ ಜಿಲ್ಲೆಯ ಸರ್ಕಾರಿ ಕಾಲೇಜುಗಳ ಸುಸ್ಥಿತಿ ವರದಿಯನ್ನೂ ಶೇ. 2ರ ನಿರ್ವಹಣಾ ನಿಧಿಯ ಬೇಡಿಕೆಯನ್ನೂ ಸೇರಿಸಿದರೆ, ಅದು ಶಿಕ್ಷಣ ಇಲಾಖೆಯ ಒಳಗಿನ ಕೋರಿಕೆಯಾಗಿ ಉಳಿಯದೆ ರಾಜ್ಯದ ಆರ್ಥಿಕ ಬೇಡಿಕೆಯಾಗುತ್ತದೆ.

1916ರಲ್ಲಿ ವಾಣಿಜ್ಯ ಮಂಡಳಿಯೂ ವಿಶ್ವವಿದ್ಯಾಲಯವೂ ಎರಡು ತಿಂಗಳ ಅಂತರದಲ್ಲಿ ಹುಟ್ಟಿದವು. ಅಂದು ಕಟ್ಟಿದವರು ತಮ್ಮ ಪಾಲಿನ ಕೆಲಸವನ್ನು ಮಾಡಿದರು. ಮುಂದಿನ ಮಳೆಗಾಲ ಬರುವ ಮೊದಲು ಯಾವ ಯಾವ ಕೊಠಡಿಗಳಲ್ಲಿ ವಿದ್ಯಾರ್ಥಿಗಳನ್ನು ಕೂರಿಸುವುದು ಕ್ಷೇಮವಲ್ಲ ಎಂಬ ಪಟ್ಟಿಯನ್ನಾದರೂ ರಾಜ್ಯವು ಸಿದ್ಧಪಡಿಸಬೇಕು. ನವೀಕರಣದ ಕೆಲಸ ಅಲ್ಲಿಂದ ಆರಂಭವಾಗತಕ್ಕದ್ದು.